ಕುರ್ಚಿ ಖಾಲಿ, ಖಜಾನೆಯೂ ಖಾಲಿ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಬಹಳಷ್ಟು ಹಳ್ಳಿಗಳಲ್ಲಿ ಈ ಪುಟವನ್ನು ಗಟ್ಟಿಯಾಗಿ ಓದಿ ಹೇಳುವವರು ನಿವೃತ್ತ ಮಾಸ್ತರರೇ ಎಂಬುದನ್ನು ನಾವು ಬಲ್ಲೆವು. ಈ ವಾರ ಅವರಿಗೆ ತುಸು ಮುಜುಗರವಾದೀತು. ಈ ಸಲ ನಾವು ಬರೆಯಹೊರಟಿರುವುದು ಬೀಜೋಪಚಾರವನ್ನಾಗಲಿ ಕಾಯಿಕೊರಕದ ಹುಳುವನ್ನಾಗಲಿ ಕುರಿತಲ್ಲ. ಸರಕಾರಿ ನೌಕರರ ಸಂಬಳ ಮತ್ತು ನಿವೃತ್ತರ ಪಿಂಚಣಿಯನ್ನು ಕುರಿತು. ಮಾಸ್ತರರು ಕನ್ನಡಕ ಒರೆಸಿಕೊಂಡು ಮುಂದೆ ಓದಬೇಕು. ಅವರನ್ನು ಕಟ್ಟೆಯಿಂದ ಕೆಳಗಿಳಿಸುವ ಉದ್ದೇಶ ನಮಗಿಲ್ಲ.

ಒಕ್ಕಲುತನದ ಪುಟದಲ್ಲಿ ಪಗಾರದ ಮಾತೇಕೆ? ಭೀಮಾ ದಂಡೆಯ ಒಂದು ಹಳ್ಳಿಯ ವಾಚನಾಲಯದಲ್ಲಿ ನಾವು ಕೇಳಿದ ಮಾತೇ ಇದಕ್ಕೆ ಕಾರಣ. ಹೊಳೆ ಬಂದು ತೊಗರಿ ಕೊಳೆತುಹೋಗಿದ್ದ ವರ್ಷ ಅದು. ಹಿರಿಯ ಒಕ್ಕಲಿಗರೊಬ್ಬರು ಹೇಳಿದರು: "ನಮ್ಮ ತಮ್ಮನ ಮಗ ನೌಕರಿ ಮಾಡ್ತಾನ್ರಿ. ಅವನ ಪಗಾರ ತಿಂಗಳಿಗೆ ತಪ್ಪದಂಗ ಬರ್ತದ. ನಮ್ಮ ಹೊಲದ ಪರಿಹಾರ ಯಾವ ತಿಂಗಳಾಗ ಬರ್ತದೋ ಯಾರಿಗೂ ಗೊತ್ತಿಲ್ಲ." ಪಕ್ಕದಲ್ಲಿದ್ದ ನಿವೃತ್ತ ಮಾಸ್ತರರು ಬಿಡಲಿಲ್ಲ: "ಕಾಕಾ, ಪಗಾರ ಬರೋದು ಆ ಹುಡುಗನ ತಪ್ಪಲ್ಲ. ನಿಮ್ಮ ಹೊಲಾ ನೋಡಿ ಬರಕೋಬೇಕಾದ ಕುರ್ಚಿ ಮ್ಯಾಲ ಮನಷ್ಯಾನೇ ಇಲ್ಲ, ಅದು ತಪ್ಪು."

ಇಬ್ಬರ ಮಾತೂ ನಿಜ. ಎರಡನ್ನೂ ಕೂಡಿಸಿ ನೋಡಿದಾಗ ಮಾತ್ರ ಸರಕಾರದ ಬೊಕ್ಕಸದಲ್ಲಿ ಏನು ನಡೆದಿದೆ ಎಂಬುದು ತಿಳಿಯುತ್ತದೆ.

ಮೊದಲು ಲೆಕ್ಕ. 2022ರ ನವೆಂಬರ್‌ನಲ್ಲಿ ರಾಜ್ಯ ಸರಕಾರ ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರರಾವ್ ಅವರ ಅಧ್ಯಕ್ಷತೆಯಲ್ಲಿ 7ನೇ ವೇತನ ಆಯೋಗವನ್ನು ನೇಮಿಸಿತು. ವರದಿ ಬರುವ ತನಕ ನೌಕರರು ಕಾಯಲಿಲ್ಲ. 2023ರ ಮಾರ್ಚ್ 1ರಂದು ಮುಷ್ಕರ ಹೂಡಿದರು. ಶಾಲೆ, ಕಚೇರಿಗಳು ಮುಚ್ಚಿದವು. ಮೂಲ ವೇತನದ ಶೇಕಡಾ 17ರಷ್ಟು ಮಧ್ಯಂತರ ಪರಿಹಾರದ ಆದೇಶ ಅಂದೇ ಹೊರಬಿತ್ತು, ಮುಷ್ಕರವೂ ಅಂದೇ ಮುಗಿಯಿತು. ಆಯೋಗದ ವರದಿ 2024ರ ಮಾರ್ಚ್‌ನಲ್ಲಿ ಬಂತು. ಜುಲೈನಲ್ಲಿ ಮಂತ್ರಿಮಂಡಲ ಒಪ್ಪಿ, ಆಗಸ್ಟ್ 1ರಿಂದ ಹೊಸ ವೇತನ ಜಾರಿಯಾಯಿತು. ಕನಿಷ್ಠ ಮೂಲ ವೇತನ 17,000 ರೂಪಾಯಿ ಇದ್ದದ್ದು 27,000 ಆಯಿತು. ಕನಿಷ್ಠ ಪಿಂಚಣಿ 8,500ರಿಂದ 13,500ಕ್ಕೆ ಏರಿತು.

ಈ ಏರಿಕೆಯನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳುವುದು ನ್ಯಾಯವಲ್ಲ. 10,000 ರೂಪಾಯಿ ಏರಿತು ಎಂದರೆ ಅಷ್ಟೂ ಹೊಸ ಹಣವಲ್ಲ. ಅದರಲ್ಲಿ 5,270 ರೂಪಾಯಿ ಮೊದಲೇ ಪಡೆಯುತ್ತಿದ್ದ ಶೇಕಡಾ 31ರ ತುಟ್ಟಿಭತ್ಯೆ; ಅದನ್ನು ಮೂಲ ವೇತನದಲ್ಲಿ ಸೇರಿಸಿದ್ದಾರೆ. ನಿಜವಾದ ಹೆಚ್ಚಳ ಶೇಕಡಾ 27.5. ಅದರಲ್ಲಿಯೂ 17 ಒಂದು ವರ್ಷ ಮೊದಲೇ ಕೈಸೇರಿತ್ತು. ಹಾಗಿದ್ದರೂ ಲಕ್ಷಗಟ್ಟಲೆ ನೌಕರರು, ಲಕ್ಷಗಟ್ಟಲೆ ನಿವೃತ್ತರಿಗೆ ಇದನ್ನು ಗುಣಿಸಿದಾಗ ವರ್ಷಕ್ಕೆ ಬೀಳುವ ಹೆಚ್ಚಿನ ಭಾರ 20,208 ಕೋಟಿ ರೂಪಾಯಿ ಎಂದು ಸರಕಾರವೇ ಹೇಳಿತು. ದಿನಕ್ಕೆ 55 ಕೋಟಿ. ಬೀದರದಿಂದ ಬಳ್ಳಾರಿಯ ತನಕ ನಮ್ಮ ಏಳು ಜಿಲ್ಲೆಗಳ ರಸ್ತೆ, ಶಾಲೆ, ಆಸ್ಪತ್ರೆಗಳಿಗಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2025-26ರ ಮುಂಗಡಪತ್ರದಲ್ಲಿ ಇಟ್ಟದ್ದು 5,000 ಕೋಟಿ. ಅಂದರೆ ಒಂದು ವೇತನ ಪರಿಷ್ಕರಣೆಯ ಒಂದು ವರ್ಷದ ಹೆಚ್ಚುವರಿ ಖರ್ಚಿನಲ್ಲಿ ಮಂಡಳಿಯ ನಾಲ್ಕು ವರ್ಷಗಳ ಹಣ ಅಡಗಿದೆ.

ಆ ಮುಂಗಡಪತ್ರದ ಒಟ್ಟು ಗಾತ್ರ 4,09,549 ಕೋಟಿ. ಕೇಳಲು ದೊಡ್ಡದು. ಆದರೆ ಸಂಬಳ, ಪಿಂಚಣಿ ಎರಡೇ ಕೂಡಿ ಒಂದು ಲಕ್ಷ ಕೋಟಿಯ ಗೆರೆ ದಾಟಿವೆ. ಹಳೆಯ ಸಾಲದ ಬಡ್ಡಿಯನ್ನೂ ಸೇರಿಸಿದರೆ ಸರಕಾರಕ್ಕೆ ಬರುವ ರಾಜಸ್ವದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಮೂರು ಬಾಬ್ತಿಗೇ ಹೋಗುತ್ತದೆ. ಐದು ಗ್ಯಾರಂಟಿ ಯೋಜನೆಗಳಿಗೆ ಇನ್ನೊಂದು 51,034 ಕೋಟಿ. ಅದರಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳ ಖಾತೆಗೆ ಬರುವ 2,000 ರೂಪಾಯಿಯೂ ಇದೆ ಎಂಬುದನ್ನು ಮರೆಯದೆ ಈ ಮಾತು ಹೇಳುತ್ತಿದ್ದೇವೆ. ಆದಾಯಕ್ಕಿಂತ ದಿನದ ಖರ್ಚೇ 19,262 ಕೋಟಿಯಷ್ಟು ಹೆಚ್ಚು. ರಾಜಸ್ವದಲ್ಲಿ ಕೊರತೆ ಇರಕೂಡದು ಎಂದು 2002ರಲ್ಲಿ ದೇಶದಲ್ಲಿಯೇ ಮೊದಲು ಕಾಯ್ದೆ ಮಾಡಿಕೊಂಡ ರಾಜ್ಯ ನಮ್ಮದು. ಒಕ್ಕಲಿಗನ ಭಾಷೆಯಲ್ಲಿ ಹೇಳುವುದಾದರೆ, ಬಾವಿ ತೋಡಲು ಸಾಲ ಮಾಡುವುದು ಬೇರೆ, ಸಂತೆಯ ಖರ್ಚಿಗೆ ಸಾಲ ಮಾಡುವುದು ಬೇರೆ. ಸರಕಾರ ಈಗ ಸಂತೆಗೂ ಸಾಲ ಮಾಡುತ್ತಿದೆ.

ಇದಕ್ಕೆ ಹಣ ಎಲ್ಲಿಂದ ಬರುತ್ತದೆ? ರೈತ ಆದಾಯ ತೆರಿಗೆ ಕೊಡುವುದಿಲ್ಲ ಎಂದು ಪಟ್ಟಣದವರು ಆಡಿಕೊಳ್ಳುತ್ತಾರೆ. 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿತು. 2025ರ ಏಪ್ರಿಲ್ 1ರಿಂದ ಮತ್ತೆ ಏರಿ ಶೇಕಡಾ 21.17 ಆಯಿತು. ಟ್ರ್ಯಾಕ್ಟರಿನಿಂದ ನೆಗಿಲು ಹೊಡೆಸುವ, ರಾಶಿ ಯಂತ್ರ ಬಾಡಿಗೆಗೆ ತರುವ ಪ್ರತಿಯೊಬ್ಬನೂ ಇದನ್ನು ಕೊಟ್ಟಿದ್ದಾನೆ. ಸಿಂಪರಣೆ ಔಷಧದ ಡಬ್ಬಿಯ ಮೇಲೆಯೂ ಕೊಟ್ಟಿದ್ದಾನೆ. ಆದುದರಿಂದ ಪಗಾರದ ಲೆಕ್ಕ ಕೇಳುವ ಹಕ್ಕು ವಾಚನಾಲಯದ ಕಟ್ಟೆಗೆ ಖಂಡಿತ ಇದೆ.

ನಮ್ಮ ಸೀಮೆಯ ಅಳತೆ ತೊಗರಿ. ಅದರಲ್ಲಿಯೇ ಒಮ್ಮೆ ಅಳೆದು ನೋಡೋಣ. 2012ರ ಪರಿಷ್ಕರಣೆಯಲ್ಲಿ ರಾಜ್ಯದ ಕನಿಷ್ಠ ಮೂಲ ವೇತನ 9,600 ರೂಪಾಯಿ. ಆ ಸಾಲಿನ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 3,850. ಅಂದರೆ ಕೆಳಗಿನ ನೌಕರನ ತಿಂಗಳ ಮೂಲ ವೇತನ ಎರಡೂವರೆ ಕ್ವಿಂಟಲ್ ತೊಗರಿ. 2017ರ ಪರಿಷ್ಕರಣೆಯಲ್ಲಿ ವೇತನ 17,000, ತೊಗರಿ 5,450. ಮೂರು ಕ್ವಿಂಟಲಿಗೆ ಮೇಲೆ ಹನ್ನೆರಡು ಕಿಲೋ. 2024ರಲ್ಲಿ 27,000, ತೊಗರಿ 7,550. ಮೂರೂವರೆ ಕ್ವಿಂಟಲ್ ಮೀರಿತು. ಮಳೆಯನ್ನೇ ನಂಬಿದ ಎರಿ ಹೊಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಿದ್ದರೆ ನಾವು ಒಳ್ಳೆಯ ಪೀಕು ಎನ್ನುತ್ತೇವೆ. ಒಂದು ಎಕರೆಯ ಆರು ತಿಂಗಳ ದುಡಿಮೆಯೂ ಕಟ್ಟಕಡೆಯ ನೌಕರನ ಒಂದು ತಿಂಗಳ ಮೂಲ ವೇತನವೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದು ನಿಂತಿವೆ. ಬೀಜ, ಕೂಲಿ, ಔಷಧದ ಖರ್ಚು ಕಳೆದರೆ ಆ ಮಟ್ಟವೂ ಇಲ್ಲ. ಅದೂ ಬೆಂಬಲ ಬೆಲೆ ಸಿಕ್ಕಿದರೆ. 2024ರಲ್ಲಿ 10,000 ದಾಟಿದ್ದ ಪೇಟೆಯ ಧಾರಣೆ, ಹೊರದೇಶದ ತೊಗರಿಯನ್ನು ಸುಂಕವಿಲ್ಲದೆ ಬಿಟ್ಟುಕೊಂಡ ಕಾರಣ 2025ರಲ್ಲಿ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ರಾಜ್ಯ ಸರಕಾರ 450 ರೂಪಾಯಿ ಪ್ರೋತ್ಸಾಹಧನ ಕೂಡಿಸಿ 8,000 ಮಾಡಬೇಕಾಯಿತು. ನೌಕರನ ತುಟ್ಟಿಭತ್ಯೆ ಬೆಲೆ ಸೂಚ್ಯಂಕದ ಬೆನ್ನು ಹಿಡಿದು ವರ್ಷಕ್ಕೆ ಎರಡು ಸಲ ಏರುತ್ತದೆ. ತೊಗರಿಗೆ ಅಂಥ ಆಸರೆ ಯಾವುದೂ ಇಲ್ಲ.

ಈ ಅಳತೆಗೋಲು ಹಿಡಿದುಕೊಂಡು ನೌಕರರನ್ನು ಬೈಯಲು ಹೊರಡುವವರಿಗೆ ನಾವು ಒಂದು ಹಳೆಯ ಸಂಗತಿ ನೆನಪಿಸಬೇಕು. ನಿಜಾಮಶಾಹಿಯಲ್ಲಿ ಊರಿನ ಪಟೇಲ, ಪಟವಾರಿಗಳಿಗೆ ಇಂದಿನಂತೆ ತಿಂಗಳ ಪಗಾರ ಇರಲಿಲ್ಲ. ವತನ, ಇನಾಮು, ರುಸುಮಿನ ಮೇಲೆ ಅವರ ಬದುಕು. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿ, 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದು, 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಜಾರಿಯಾದ ಮೇಲೆ ವಂಶಪಾರಂಪರ್ಯದ ಆ ಹುದ್ದೆಗಳು ಹೋಗಿ ಪಗಾರದ ತಲಾಠಿ ಬಂದನು. ಪಗಾರವಿಲ್ಲದ ಅಧಿಕಾರಿ ಕಣಕ್ಕೆ ಬಂದು ತನ್ನ ಪಾಲನ್ನು ತಾನೇ ಅಳೆದುಕೊಳ್ಳುತ್ತಾನೆ ಎಂಬುದನ್ನು ನಮ್ಮ ಮುತ್ಯಾಗಳು ಕಣ್ಣಾರೆ ಕಂಡಿದ್ದರು. ಖಜಾನೆಯಿಂದ ಸರಿಯಾದ ಸಂಬಳ ಕೊಡುವುದು ರೈತನ ಹಿತಕ್ಕೇ ಬಂದ ಪದ್ಧತಿ. (ಸಂಬಳ ಏರಿದ ಮೇಲೂ ಕೈ ಚಾಚುವವರು ಇಲ್ಲವೆಂದಲ್ಲ. ಅದು ಲೋಕಾಯುಕ್ತರಿಗೆ ಬಿಟ್ಟ ವಿಷಯ.)

ಇನ್ನೂ ಒಂದು ಮಾತು. 2022ರ ಕೊನೆಯಲ್ಲಿ ನೆಟೆ ರೋಗ ಬಂದು ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಸರಕಾರ ಹೆಕ್ಟೇರಿಗೆ 10,000 ರೂಪಾಯಿಯಂತೆ ಎರಡು ಹೆಕ್ಟೇರಿನ ಮಿತಿಯಲ್ಲಿ ಪರಿಹಾರ ಘೋಷಿಸಿತು. ಅಂಥ ವರ್ಷದಲ್ಲಿ ಎಷ್ಟು ಒಕ್ಕಲು ಮನೆಗಳ ಒಲೆ ಉರಿದದ್ದು ಮನೆಯಲ್ಲಿದ್ದ ಒಬ್ಬ ಮಾಸ್ತರ, ಒಬ್ಬ ಕಂಡಕ್ಟರ, ಒಬ್ಬ ನಿವೃತ್ತ ಜವಾನನ ಹಣದಿಂದ ಎಂಬುದನ್ನು ಓದುಗರು ತಮ್ಮ ಓಣಿಯಲ್ಲಿಯೇ ಎಣಿಸಿ ನೋಡಬಹುದು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಅದಕ್ಕೆ ಸಾಕ್ಷಿ.

ಪಿಂಚಣಿಯ ಗಂಟು ಹೆಚ್ಚು ಸಿಕ್ಕಾದುದು, ಅದನ್ನು ತುಸು ಬಿಡಿಸಿ ಹೇಳಬೇಕು. ಹಳೆಯ ಪದ್ಧತಿಯಲ್ಲಿ ನಿವೃತ್ತನಾದವನಿಗೆ ಕೊನೆಯ ಮೂಲ ವೇತನದ ಅರ್ಧ ಸಿಗುತ್ತದೆ, ಅದರ ಮೇಲೆ ತುಟ್ಟಿಭತ್ಯೆ, ಅವನ ನಂತರ ಹೆಂಡತಿಗೆ ಕುಟುಂಬ ಪಿಂಚಣಿ. ಇದಕ್ಕಾಗಿ ಮೊದಲಿನಿಂದ ಎಲ್ಲಿಯೂ ಹಣ ಕೂಡಿಟ್ಟಿರುವುದಿಲ್ಲ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಟ್ಟು ಬರಗಾಲಕ್ಕೆ ತೆಗೆಯುತ್ತಿದ್ದರಷ್ಟೆ. ಹಳೆಯ ಪಿಂಚಣಿಗೆ ಹಗೇವು ಇಲ್ಲ. ಆಯಾ ವರ್ಷದ ರಾಶಿಯಲ್ಲಿ ಆಯಾ ವರ್ಷವೇ ಅಳೆದು ಕೊಡಬೇಕು. ರಾಶಿ ಬಂದರೂ ಕೊಡಬೇಕು, ಬರದಿದ್ದರೂ ಕೊಡಬೇಕು.

2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಗೇವಿನ ಪದ್ಧತಿ ಬಂತು. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 10 ನೌಕರ ಹಾಕುತ್ತಾನೆ, ಸರಕಾರ ಈಗ ಶೇಕಡಾ 14 ಹಾಕುತ್ತದೆ. ಅದು ಷೇರು, ಸಾಲಪತ್ರಗಳಲ್ಲಿ ಬೆಳೆದು, ನಿವೃತ್ತಿಯ ದಿನ ಎಷ್ಟಿದೆಯೋ ಅದರ ಮೇಲೆ ಪಿಂಚಣಿ. ಇಷ್ಟೇ ಬರುತ್ತದೆ ಎಂಬ ಖಾತ್ರಿ ಇಲ್ಲ. ನೌಕರರ ಸಿಟ್ಟು ಇಲ್ಲಿದೆ, ಅದು ಬರಿಯ ಹಟವಲ್ಲ. ಪೇಟೆಯ ಧಾರಣೆಯನ್ನು ನಂಬಿ ಮುಪ್ಪು ಕಳೆಯಬೇಕಾದ ಕಷ್ಟ ರೈತನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸರಕಾರದ ಕಷ್ಟವೂ ಇಲ್ಲೇ ಇದೆ. 2005ರಲ್ಲಿ ಇಪ್ಪತ್ತೈದನೇ ವಯಸ್ಸಿಗೆ ಸೇರಿದವನು ಅರವತ್ತಕ್ಕೆ ನಿವೃತ್ತನಾಗುವುದು 2040ರಲ್ಲಿ. ಅಲ್ಲಿಯ ತನಕ ಹಳೆಯ ಪದ್ಧತಿಯ ನಿವೃತ್ತರು ವರ್ಷ ವರ್ಷ ಬರುತ್ತಲೇ ಇರುತ್ತಾರೆ. ಅವರಿಗೆ ರಾಶಿಯಿಂದ ಅಳೆಯುತ್ತಲೇ ಹೊಸಬರ ಹಗೇವನ್ನೂ ತುಂಬಬೇಕು. ಹಳೆಯ ಸಾಲ ತೀರಿಸುತ್ತ ಹೊಸ ಚೀಟಿಯನ್ನೂ ಕಟ್ಟಿದಂತೆ. ಅದಕ್ಕೇ ಹಳೆಯ ಪಿಂಚಣಿಯನ್ನೇ ಮರಳಿ ತರಬೇಕೆಂಬ ಕೂಗು ಎದ್ದಾಗ ರಾಜಕಾರಣಿಗಳ ಬಾಯಲ್ಲಿ ನೀರೂರುತ್ತದೆ: ನೌಕರರಿಗೂ ಸಂತೋಷ, ಹಗೇವಿಗೆ ಹಾಕುವ ಆ ಶೇಕಡಾ 14 ಈ ವರ್ಷದ ಖರ್ಚಿಗೆ ಉಳಿಯುತ್ತದೆ. ಬಿಲ್ಲು ಬರುವುದು 2040ರ ಆಚೆಗೆ. ಆಗ ಕೊಡುವವರು ಇಂದು ಅಂಗನವಾಡಿಯಲ್ಲಿ ಕುಳಿತಿರುವ ಮಕ್ಕಳು. ರಾಜಸ್ಥಾನ, ಛತ್ತೀಸಗಡಗಳು 2022ರಲ್ಲಿ ಈ ದಾರಿ ಹಿಡಿದವು. ಹಿಮಾಚಲ ಪ್ರದೇಶ 2023ರಲ್ಲಿ ಹಿಡಿಯಿತು. ಅದೇ ಹಿಮಾಚಲದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಬಿಗಿಯಾಗಿ ಸಂಬಳ 5ನೇ ತಾರೀಖಿಗೆ, ಪಿಂಚಣಿ 10ನೇ ತಾರೀಖಿಗೆ ಸರಿಯಿತು. ಅದರ ಕಾರಣಗಳು ಹಲವು; ಹಳೆಯ ಪಿಂಚಣಿಯೊಂದನ್ನೇ ದೂರುವುದು ತಪ್ಪು. ಆದರೂ ಒಂದನೇ ತಾರೀಖು ಎಂಬುದು ಕಲ್ಲಿನ ಮೇಲಿನ ಗೆರೆಯಲ್ಲ ಎಂಬುದನ್ನು ನೌಕರರ ಸಂಘಗಳು ಅಲ್ಲಿಂದ ತಿಳಿಯಬಹುದು.

ಕೇಂದ್ರ ಸರಕಾರ 2025ರ ಏಪ್ರಿಲ್‌ನಿಂದ ನಡುವಿನ ದಾರಿಯೊಂದನ್ನು ತೆರೆದಿದೆ. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ ವರ್ಷದ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ; ಅದಕ್ಕಾಗಿ ಸರಕಾರ ಶೇಕಡಾ 18.5 ಹಾಕಬೇಕು. ನೌಕರನಿಗೆ ಖಾತ್ರಿ ಕೊಡಿ, ಆದರೆ ಹಗೇವಿಗೆ ತಿಂಗಳು ತಿಂಗಳು ಕಾಳು ಬೀಳಲಿ ಎಂಬುದು ಈ ಪುಟದ ಮತ. ಕಾಳು ಹಾಕದೆ ಖಾತ್ರಿ ಬರೆದುಕೊಡುವ ಸರಕಾರವನ್ನು ಯಾರೂ ನಂಬಬಾರದು, ನೌಕರರಂತೂ ಮೊದಲು ನಂಬಬಾರದು.

ಈಗ ಮಾಸ್ತರರು ಹೇಳಿದ ಖಾಲಿ ಕುರ್ಚಿಯ ಮಾತಿಗೆ ಬರೋಣ. ನಮ್ಮ ಮೂರು ತಾಲೂಕುಗಳ ನಿಜವಾದ ಜಗಳ ಇರಬೇಕಾದದ್ದು ಇದರ ಮೇಲೆ.

ರಾಜ್ಯದಲ್ಲಿ ಮಂಜೂರಾದ ಹುದ್ದೆಗಳು ಸುಮಾರು 7.7 ಲಕ್ಷ. ಅವುಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆ ಎಂದು 2023ರಿಂದೀಚೆಗೆ ಸರಕಾರವೇ ಮತ್ತೆ ಮತ್ತೆ ಒಪ್ಪಿಕೊಂಡಿದೆ. ಮೂರು ಕುರ್ಚಿಗೆ ಒಂದು ಖಾಲಿ. ಒಬ್ಬ ಒಕ್ಕಲಿಗ ಯುಗಾದಿಗೆ ಮೂರು ಸಂಬಳದಾಳು ಬೇಕೆಂದು ಗೊತ್ತಿದ್ದೂ ಇಬ್ಬರನ್ನೇ ಇಟ್ಟುಕೊಂಡು, ಉಳಿದ ಹಣದಲ್ಲಿ ಆ ಇಬ್ಬರ ಸಂಬಳ ಏರಿಸಿ, ಮೂರನೆಯ ಹೊಲವನ್ನು ಬೀಳು ಬಿಟ್ಟಂತೆ ಇದು. ಯಾವ ಹೊಲ ಬೀಳು ಬಿತ್ತು ಎಂಬುದನ್ನು ನೋಡಿದರೆ ಅದು ನಮ್ಮದೇ. 2002ರಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲೂಕುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇದ್ದವು. ಬೆಂಗಳೂರಿನ ಹತ್ತಿರದ ಕುರ್ಚಿಗೆ ಹತ್ತು ಜನರ ಶಿಫಾರಸು. ಇಲ್ಲಿಗೆ ಹಾಕಿದರೆ ಬರುವ ಮೊದಲೇ ವರ್ಗಾವಣೆಯ ಅರ್ಜಿ. ಬಂದವರಲ್ಲಿಯೂ ಕೆಲವರು ನಿಯೋಜನೆಯ ಮೇಲೆ ಕಲಬುರಗಿಗೋ ಬೆಂಗಳೂರಿಗೋ ಹೋಗಿ ಕೂರುತ್ತಾರೆ. ಹೆಸರು, ಹುದ್ದೆ, ಪಗಾರದ ಲೆಕ್ಕ ನಮ್ಮ ತಾಲೂಕಿನಲ್ಲಿ, ಕೆಲಸ ಬೇರೆ ಕಡೆ.

ಖಾಲಿ ಕುರ್ಚಿಯ ಬೆಲೆ ಎಷ್ಟು ಎಂಬುದು 2025ರ ಸೆಪ್ಟೆಂಬರ್ ಕೊನೆಗೆ ಗೊತ್ತಾಯಿತು. ಮಹಾರಾಷ್ಟ್ರದಿಂದ ಬಿಟ್ಟ ನೀರು, ಇಲ್ಲಿಯ ಮಳೆ ಎರಡೂ ಕೂಡಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದಳು. ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಮಾನದಿಂದ ನೋಡಿ, ಕೇಂದ್ರದ ನಿಯಮದಂತೆ ಒಣಬೇಸಾಯಕ್ಕೆ ಸಿಗುವ ಹೆಕ್ಟೇರಿಗೆ 8,500 ರೂಪಾಯಿಗೆ ರಾಜ್ಯದಿಂದ ಇನ್ನೂ 8,500 ಕೂಡಿಸಿ 17,000 ಕೊಡುವುದಾಗಿ ಹೇಳಿದರು. ಒಳ್ಳೆಯ ಮಾತು. ಆದರೆ ವಿಮಾನದಿಂದ ನೋಡಿದ ಹೊಲ ಕಾಗದಕ್ಕೆ ಇಳಿಯಬೇಕಾದರೆ ಕಂದಾಯ, ಕೃಷಿ, ತೋಟಗಾರಿಕೆ ಮೂರೂ ಇಲಾಖೆಯವರು ಕೂಡಿ ಕೆಸರಿನಲ್ಲಿ ಕಾಲಿಟ್ಟು ಸಮೀಕ್ಷೆ ಮಾಡಬೇಕು. ಎಷ್ಟು ಬೆಳೆ ಹೋಯಿತು, ಯಾರ ಸರ್ವೆ ನಂಬರು, ಪಹಣಿಯಲ್ಲಿ ಬೆಳೆಯ ಹೆಸರು ಸರಿ ಇದೆಯೇ, ಲಾವಣಿಗೆ ಮಾಡಿದವನು ಯಾರು, ಇದನ್ನೆಲ್ಲ ಬರೆಯುವವನು ತಲಾಠಿ. ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತಾಧಿಕಾರಿ. ಒಬ್ಬನ ಕೊರಳಿಗೆ ಹಲವು ಹಳ್ಳಿ ಕಟ್ಟಿದರೆ ಅವನು ಎಲ್ಲೋ ಒಂದೆಡೆ ಕುಳಿತು ಅಂದಾಜು ಬರೆಯುತ್ತಾನೆ, ಇಲ್ಲವೆ ತಡ ಮಾಡುತ್ತಾನೆ. ಒಂದರ ಮೇಲೊಂದು ಮೊಬೈಲ್ ಆಪ್ ಹೇರಿ ಕೆಲಸದ ಹೊರೆ ಹೆಚ್ಚಿಸಿದ್ದಾರೆ ಎಂದು ಈ ಅಧಿಕಾರಿಗಳೇ 2024ರ ಶರತ್ಕಾಲದಲ್ಲಿ ಮುಷ್ಕರ ಕುಳಿತಿದ್ದರು. ಅವರ ಬೇಡಿಕೆಗಳು ಸಂಬಳಕ್ಕಷ್ಟೇ ನಿಲ್ಲಲಿಲ್ಲ. ಆ ಮುಷ್ಕರವನ್ನು ರೈತ ಸಂಘಟನೆಗಳು ತಮ್ಮದೆಂದು ತಿಳಿಯದೆ ಹೋದದ್ದು ನಮ್ಮ ದೃಷ್ಟಿಯಲ್ಲಿ ತಪ್ಪು.

ಶಾಲೆಯ ಕುರ್ಚಿಯ ಕಥೆ ಇನ್ನೂ ಕಹಿ. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಇಡೀ ರಾಜ್ಯಕ್ಕೆ ಕೊನೆ, ಶೇಕಡಾ 42.43. ಮೊದಲು ನಿಂತ ದಕ್ಷಿಣ ಕನ್ನಡದಲ್ಲಿ 91ಕ್ಕೂ ಮೇಲೆ. ನಮ್ಮ ಮಕ್ಕಳ ತಲೆ ಬೇರೆ ಮಣ್ಣಿನದಲ್ಲ. ಗಣಿತಕ್ಕೆ, ಇಂಗ್ಲಿಷಿಗೆ ಮಾಸ್ತರರಿಲ್ಲದ ಸಾಲಿಗೆ ವರ್ಷದ ನಡುವೆ ಅತಿಥಿ ಶಿಕ್ಷಕ ಬರುತ್ತಾನೆ. 2025-26ರ ಮುಂಗಡಪತ್ರ 2,000 ರೂಪಾಯಿ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ಅವನಿಗೆ ತಿಂಗಳಿಗೆ 12,000; ಬೇಸಿಗೆಯ ರಜೆಗೆ ಏನೂ ಇಲ್ಲ, ಪಿಂಚಣಿಯ ಮಾತೇ ಇಲ್ಲ. ಒಂದೇ ಹಲಗೆಯ ಮುಂದೆ ನಿಂತು ಒಂದೇ ಪಾಠ ಹೇಳುವ ಇಬ್ಬರಲ್ಲಿ ಒಬ್ಬನ ಮುಪ್ಪಿಗೆ ಆಸರೆ ಇದೆ, ಇನ್ನೊಬ್ಬನಿಗೆ ಮುಂದಿನ ಜೂನ್‌ನ ಖಾತ್ರಿಯೂ ಇಲ್ಲ. ಆಶಾ, ಅಂಗನವಾಡಿ ಕಾರ್ಯಕರ್ತೆಯರದು ಇದೇ ಪಾಡು. ಓದುಗರು ಈಗ ಕುಳಿತಿರುವ ವಾಚನಾಲಯದ ಬೀಗ ತೆಗೆದು ಕಸ ಹೊಡೆದು ಪತ್ರಿಕೆ ಹರಡಿದವರೂ ಬಹುಕಾಲ ಗೌರವಧನದ ಮೇಲೆಯೇ ದುಡಿದವರು. ಸಂಬಳದ ಭಾರ ತಾಳಲಾರದ ಸರಕಾರ ಸಂಬಳ ಕಡಿಮೆ ಮಾಡಲಿಲ್ಲ, ಸಂಬಳದವರನ್ನು ಕಡಿಮೆ ಮಾಡಿತು. ಕೆಲಸ ಉಳಿಯಿತು. ಅದನ್ನು ಅರ್ಧ ಕೂಲಿಗೆ ಮಾಡುವವರು ಬಂದರು.

ಇತ್ತ ಮನೆಯಲ್ಲಿ ಡಿಗ್ರಿ ಮುಗಿಸಿದ ಮಗನಿದ್ದಾನೆ. ಸಂವಿಧಾನದ 371(ಜೆ) ವಿಧಿಯ ಮೇರೆಗೆ 2013ರಿಂದ ನಮ್ಮ ಭಾಗದ ಹುದ್ದೆಗಳಲ್ಲಿ 'ಎ' ಮತ್ತು 'ಬಿ' ವರ್ಗದಲ್ಲಿ ಶೇಕಡಾ 75, 'ಸಿ' ವರ್ಗದಲ್ಲಿ 80, 'ಡಿ' ವರ್ಗದಲ್ಲಿ 85 ಸ್ಥಳೀಯರಿಗೆ ಮೀಸಲು. ಖಾಲಿ ಕುರ್ಚಿಗಳಲ್ಲಿ ಹೆಚ್ಚಿನವು ಕಾಯ್ದೆಯ ಪ್ರಕಾರ ನಮ್ಮ ಮಕ್ಕಳವೇ. ಅವು ತುಂಬುವುದಿಲ್ಲ. 2024ರ ಅಕ್ಟೋಬರ್ ಕೊನೆಯಿಂದ ಒಳಮೀಸಲಾತಿಯ ತೀರ್ಮಾನಕ್ಕಾಗಿ ಹೊಸ ಅಧಿಸೂಚನೆಗಳು ನಿಂತವು. 2025ರ ಆಗಸ್ಟ್‌ನಲ್ಲಿ ಆ ತೀರ್ಮಾನವಾಯಿತು. ಅಷ್ಟರಲ್ಲಿ ಎಷ್ಟೋ ಹುಡುಗರು ವಯಸ್ಸಿನ ಅಂಚಿಗೆ ಬಂದರು. ಇಷ್ಟು ಅಪರೂಪವಾದ ವಸ್ತುವಿಗೆ ಕಳ್ಳಪೇಟೆ ಹುಟ್ಟುವುದು ಸಹಜ. 2021ರಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮ ಬಯಲಾದದ್ದು ನಮ್ಮ ಕಲಬುರಗಿಯಿಂದ. ಆ ಪರೀಕ್ಷೆಯೇ ರದ್ದಾಗಿ 2024ರ ಜನವರಿಯಲ್ಲಿ ಮತ್ತೆ ನಡೆಯಿತು. 2023ರ ಅಕ್ಟೋಬರ್‌ನಲ್ಲಿ ನಿಗಮ ಮಂಡಳಿಗಳ ಹುದ್ದೆಗೆ ನಡೆದ ಪರೀಕ್ಷೆಯಲ್ಲಿ ಬ್ಲೂಟೂತ್ ಕಿವಿಯಲ್ಲಿಟ್ಟುಕೊಂಡು ಸಿಕ್ಕಿಬಿದ್ದದ್ದೂ ಕಲಬುರಗಿ, ಯಾದಗಿರಿ ಕಡೆಯಲ್ಲಿ. ನಾಚಿಕೆಯ ಸಂಗತಿ, ನಿಜ. ಆದರೆ ಹೊಲ ಮಾರಿ ನೌಕರಿ ಹಿಡಿಯಬೇಕೆನ್ನುವ ಹುಚ್ಚು ತಾನಾಗಿ ಹುಟ್ಟಲಿಲ್ಲ. ಹತ್ತು ಎಕರೆ ಹೊಲವಿದ್ದ ಹುಡುಗನಿಗೆ ಕನ್ಯೆ ಇಲ್ಲ, ಜವಾನನಿಗೆ ಇದೆ ಎನ್ನುವಂಥ ಕಾಲದಲ್ಲಿ ತಂದೆಯಾದವನು ಮತ್ತೇನು ಯೋಚಿಸಿಯಾನು?

ಆದುದರಿಂದ ನೌಕರರ ಸಂಬಳ ಕಡಿಮೆ ಮಾಡಿರೆಂದು ನಾವು ಕೇಳುವುದಿಲ್ಲ. ಮುಂದೆ ಯಾವ ವೇತನ ಪರಿಷ್ಕರಣೆಗೆ ಸಹಿ ಹಾಕಿದರೂ ಅದೇ ಆದೇಶದಲ್ಲಿ 371(ಜೆ) ಸೀಮೆಯ ಇಷ್ಟು ಹುದ್ದೆಗಳನ್ನು ಇಷ್ಟು ತಿಂಗಳಲ್ಲಿ ತುಂಬುತ್ತೇವೆ ಎಂಬ ಸಾಲು ಇರಬೇಕೆಂದು ಕೇಳುತ್ತೇವೆ. ತುಂಬಲು ಹಣವಿಲ್ಲದಿದ್ದರೆ ಮೇಲಿನ ಶ್ರೇಣಿಯ ಹೆಚ್ಚಳ ಕಾಯಲಿ; ತಲಾಠಿ, ಶಿಕ್ಷಕ, ದಾದಿ, ಪಶುವೈದ್ಯ, ಕೃಷಿ ಸಹಾಯಕನ ಕುರ್ಚಿ ಮೊದಲು ತುಂಬಲಿ. ನಿಯೋಜನೆಯ ಮೇಲೆ ಹೋದವರು ಪಗಾರ ಎಲ್ಲಿದೆಯೋ ಅಲ್ಲಿಗೆ ಮರಳಲಿ. ಇನ್ನು, ಅರವತ್ತೈದು ದಾಟಿದ ಬಡ ಒಕ್ಕಲಿಗನಿಗೆ, ಕೂಲಿಕಾರನಿಗೆ ಸಂಧ್ಯಾ ಸುರಕ್ಷೆಯಲ್ಲಿ ಸಿಗುವುದು ತಿಂಗಳಿಗೆ 1,200 ರೂಪಾಯಿ. ಅದು ಬೆಲೆ ಏರಿದಂತೆ ತಾನಾಗಿ ಏರುವುದಿಲ್ಲ. ಕನಿಷ್ಠ ಪಿಂಚಣಿಯ 13,500 ಕೊಡಿರೆಂದು ಯಾರೂ ಕೇಳುವುದಿಲ್ಲ. ತುಟ್ಟಿಭತ್ಯೆ ಏರುವಾಗ ಅದೇ ಪ್ರಮಾಣದಲ್ಲಿ ಈ 1,200 ಕೂಡ ಏರಲಿ. ತುಟ್ಟಿ ಎಂಬುದು ಕಟ್ಟೆಯ ಮೇಲಿನ ಇಬ್ಬರಿಗೂ ಒಂದೇ.

ಸರಕಾರ ಓಗೊಡುವ ತನಕ ಊರಿನವರು ಮಾಡಬಹುದಾದ ಕೆಲಸವೊಂದಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಪ್ರತಿ ಸರಕಾರಿ ಕಚೇರಿಯೂ ತನ್ನ ನೌಕರರ ಪಟ್ಟಿಯನ್ನೂ ಅವರ ತಿಂಗಳ ಸಂಬಳವನ್ನೂ, ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಅರ್ಜಿ ಹಾಕಿರಿ. ತಹಸೀಲ್ದಾರರ ಕಚೇರಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ, ಸಹಾಯಕ ಕೃಷಿ ನಿರ್ದೇಶಕರ ಕಚೇರಿ, ಈ ಮೂರಕ್ಕೆ ಬೇರೆ ಬೇರೆ ಅರ್ಜಿ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಖಾಲಿ ಎಷ್ಟು, ಎಂದಿನಿಂದ ಖಾಲಿ, ನಿಯೋಜನೆಯ ಮೇಲೆ ಹೊರಗಿರುವವರು ಎಷ್ಟು ಮಂದಿ ಮತ್ತು ಯಾವ ಕಚೇರಿಯಲ್ಲಿ, ಇಷ್ಟೇ ಕೇಳಿರಿ. ಹೆಚ್ಚು ಕೇಳಿದರೆ ಉತ್ತರ ಹಾರಿಸಲು ದಾರಿಯಾಗುತ್ತದೆ. ಉತ್ತರ 30 ದಿನಗಳಲ್ಲಿ ಬರಬೇಕು. ಬಂದ ಉತ್ತರವನ್ನು ವಾಚನಾಲಯದ ಗೋಡೆಗೆ ಅಂಟಿಸಿ, ಒಂದು ಪ್ರತಿಯನ್ನು ತಾಲೂಕಿನ ಕೆಡಿಪಿ ಸಭೆಗೆ ಮೊದಲು ಶಾಸಕರ ಕೈಗೆ ಕೊಡಿರಿ. ಅರ್ಜಿ ಶುಲ್ಕ 10 ರೂಪಾಯಿ. ಬರೆದುಕೊಡಲು ಮಾಸ್ತರರಿದ್ದಾರೆ.